ನುಂಗಂಬಾಕ್ಕಂ ಟೇಬಲ್, ಪೆರಂಬೂರಿನ ಬದನೆಕಾಯಿ

ನುಂಗಂಬಾಕ್ಕಂನ ಆ ಮನೆಯ ಮಹಡಿ ಹತ್ತಿ ಒಳಗೆ ಕಾಲಿಟ್ಟ ತಕ್ಷಣ ಕಣ್ಣಿಗೆ ಬಿದ್ದದ್ದು ಒಂದು ಟೇಬಲ್. ಅದರ ಮೇಲೆ ಪಿಂಗಾಣಿ ತಟ್ಟೆ, ತಟ್ಟೆಯಲ್ಲಿ ಅರ್ಧ ಕತ್ತರಿಸಿದ ದಾಳಿಂಬೆ. ದೊಡ್ಡ ಕಿಟಕಿಯಿಂದ ಮೆತ್ತನೆಯ ಬೆಳಕು ಬೀಳುತ್ತಿತ್ತು.

"ಹೋದ ವಾರ ಇಟ್ಟಿದ್ದು. ಒಣಗ್ತಾ ಒಣಗ್ತಾ ಬಣ್ಣ ಹೇಗೆ ಬದಲಾಗತ್ತೆ ನೋಡು" ಅಂದರು ಮೇಡಂ.

ಹೋದ ವಾರ! ನಮ್ಮ ಮನೆಯಲ್ಲಿ ದಾಳಿಂಬೆ ಹಾಗಿರಲಿ, ಒಂದು ಬಾಳೆಹಣ್ಣು ಸಂಜೆಯವರೆಗೆ ಉಳಿದದ್ದನ್ನು ನಾನು ನೋಡಿಲ್ಲ.

ಆಗ ನಾನು ಚೆನ್ನೈನ ಒಂದು ಕಾಲೇಜಿನಲ್ಲಿ ವಿಸ್ಕಾಂ, ಅಂದರೆ ವಿಶುವಲ್ ಕಮ್ಯುನಿಕೇಷನ್, ಓದುತ್ತಿದ್ದೆ. ಈಗಿನ ಕಾಲದ ಒಬ್ಬ ಫೋಟೋಗ್ರಾಫರ್ ಬದುಕು, ಕೆಲಸ ನೋಡಿ ಬಂದು, ಅದಕ್ಕೆ ಉತ್ತರವಾಗಿ ನೀವೊಂದು ರೋಲ್ ಫಿಲ್ಮ್ ಫೋಟೋ ತೆಗೆಯಿರಿ ಅನ್ನೋದು ಅಸೈನ್‌ಮೆಂಟ್. ಕಾಲೇಜು ಕೊಡುತ್ತಿದ್ದದ್ದು ಒಂದೇ ರೋಲ್. ಅದು ಕೆಟ್ಟರೆ ಕೋರ್ಸ್ ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಓದು ಅಂತ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು.

ನನಗೆ ಸಿಕ್ಕವರು ಈ ಮೇಡಂ. ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು, ಒಬ್ಬರೇ ಇರುತ್ತಿದ್ದರು. ಜಾಹೀರಾತು ಕಂಪನಿಯ ಕೆಲಸ ಬಿಟ್ಟು, ತಾತನ ಮನೆಯ ಆ ಟೇಬಲ್ ಮೇಲೆ ಇಟ್ಟ ವಸ್ತುಗಳನ್ನು ಮಾತ್ರ ತೆಗೆಯುತ್ತಿದ್ದರು... ಬೆಳ್ಳುಳ್ಳಿ ಸಿಪ್ಪೆ, ಒಡೆದ ಜಾಡಿ, ಬಾಡಿದ ಹೂವು.

ಸುಮ್ಮನೆ ಯಾಕೆ ಸುಳ್ಳು ಹೇಳಲಿ, ನನಗೆ ಹೊಟ್ಟೆ ಉರಿದುಹೋಯಿತು. ಫೋಟೋಗಳನ್ನು ನೋಡಿ ಅಲ್ಲ, ಆ ಟೇಬಲ್ ನೋಡಿ! ಇಟ್ಟದ್ದು ಇಟ್ಟಲ್ಲೇ ಇರುವ ಮನೆ ಇದ್ದರೆ ನಾನೂ ತೆಗೆಯುತ್ತಿದ್ದೆ ಬಿಡಿ, ಅದೇನು ಮಹಾ.

ನಮ್ಮದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್. ಅಪ್ಪನದು ವರ್ಕ್‌ಶಾಪ್ ಕೆಲಸ, ಗದಗದ ಕಡೆಯಿಂದ ಬಂದವರು. ಎರಡು ಕೋಣೆ, ಮನೆ ತುಂಬ ಜನ, ಟೇಬಲ್ ಅನ್ನೋದೇ ಇಲ್ಲ.

ಒಳ್ಳೆಯ ಬೆಳಕು ಬರುತ್ತಿದ್ದದ್ದು ಒಂದೇ ಕಡೆ: ಅಡುಗೆಮನೆಯ ಹಿಂಬಾಗಿಲಿನಿಂದ, ಒರಳುಕಲ್ಲಿನ ಮೇಲೆ. ಅದೂ ಬೆಳಗ್ಗೆ, ಅವ್ವ ಅಪ್ಪನ ಡಬ್ಬಿಗೆ ಅಡುಗೆ ಮಾಡುವ ಹೊತ್ತಿಗೇ!

ಆದರೂ ಹಠ. ಕಲ್ಲಿನ ಮೇಲೆ ಸ್ಟೀಲ್ ತಟ್ಟೆ ಇಟ್ಟು, ತೊಟ್ಟು ಸಮೇತ ಗುಂಡು ಬದನೆಕಾಯಿಗಳನ್ನು ಮೇಡಂ ಥರಾನೇ ಜೋಡಿಸಿದೆ. ಕಾಲೇಜಿನ ಕ್ಯಾಮೆರಾ, ಟ್ರೈಪಾಡ್, ಬೆಳಕು ಕಡಿಮೆ ಅಂತ ಸ್ಲೋ ಶಟರ್; ಅಲುಗಿದ್ದೆಲ್ಲ ಕಲೆಸಿಹೋಗುತ್ತದೆ.

"ಏನ ಹುಚ್ಚೀನ ನೀ? ಅಪ್ಪನ ಡಬ್ಬಿಗೆ ಹೊತ್ತಾತು. ನೀ ಬದನೀಕಾಯಿ ಮಾರಿ ನೋಡ್ಕೋತ ಕೂತ್ರ ನಾ ಎಣ್ಣಿಗಾಯಿ ಯಾವಾಗ ಮಾಡ್ಲಿ?" ಅಂದಳು ಅವ್ವ.

ನಾನು ಫ್ರೇಮ್ ಸರಿ ಮಾಡುವುದರೊಳಗೆ ಒಂದು ಮಾಯ. ಕ್ಲಿಕ್ ಮಾಡಿದರೆ ಇನ್ನೊಂದು ಮಾಯ! "ತೊಡಾದೇಮ್ಮಾ, ತೊಡಾದೇ!" ಅಂತ ಕೂಗಾಡಿದೆ. ಮುಟ್ಟಬೇಡ ಅಂತ. ಸಿಟ್ಟು ಬಂದರೆ ನನ್ನ ಬಾಯಿಗೆ ಬರುವುದು ತಮಿಳೇ.

ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದೊಂದೇ ಎತ್ತಿ ಸೀಳಿ ಮಸಾಲೆ ತುಂಬುತ್ತಾ ಹೋದಳು. ವರ್ಕ್‌ಶಾಪಿನ ಸೈರನ್ ಆಗುವ ಹೊತ್ತಿಗೆ ತಟ್ಟೆಯೂ ಖಾಲಿ, ನನ್ನ ರೋಲೂ ಖಾಲಿ. ನಾನು ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ.

ಇಡೀ ರೋಲಿನ ಪುಟ್ಟ ಪುಟ್ಟ ಚಿತ್ರಗಳು ಒಂದೇ ಹಾಳೆಯಲ್ಲಿ ಬರುವ ಕಾಂಟ್ಯಾಕ್ಟ್ ಶೀಟ್ ಹಿಡಿದು ಮತ್ತೆ ಮೇಡಂ ಮನೆಗೆ ಹೋದೆ. ತುಂಬಿದ ತಟ್ಟೆ, ಆಮೇಲೆ ಕಡಿಮೆ, ಇನ್ನೂ ಕಡಿಮೆ... ನಡುನಡುವೆ ಹೊಗೆಯ ಹಾಗೆ ಕಲೆಸಿಹೋದ ಒಂದು ಕೈ, ಬಳೆ.

ಅವರು ಭೂತಗನ್ನಡಿ ಇಟ್ಟು ತುಂಬಾ ಹೊತ್ತು ನೋಡಿದರು.

"ಈ ಕೈ ಯಾರ್ದು?"

"ನಮ್ಮವ್ವಂದು ಮೇಡಂ. ಸಾರಿ."

"ಪಲ್ಯ ಹೇಗಿತ್ತು?"

ನಾನು ಬೆಪ್ಪಾಗಿ, ಚೆನ್ನಾಗಿತ್ತು ಅಂದೆ. ಸಿಟ್ಟಿನಲ್ಲಿದ್ದರೂ ಅವತ್ತು ಎರಡು ರೊಟ್ಟಿ ಜಾಸ್ತಿಯೇ ತಿಂದಿದ್ದೆ.

"ಸುಮ್ಮಾ ಹೇಳ್ತಿಲ್ಲಮ್ಮಾ, ನಂಗೆ ಪೊರಾಮೆ ಆಗ್ತಿದೆ. ನನ್ನ ಟೇಬಲ್ಲಿಂದ ಯಾರೂ ಏನೂ ತಗೊಂಡು ಹೋಗಲ್ಲ" ಅಂದರು. ಪೊರಾಮೆ ಅಂದರೆ ಹೊಟ್ಟೆಕಿಚ್ಚು.

ಅಸೈನ್‌ಮೆಂಟ್‌ಗೆ ಒಳ್ಳೆಯ ಮಾರ್ಕ್ಸ್ ಬಂತು, ಬ್ಯಾಂಕ್ ಪರೀಕ್ಷೆಯ ಮಾತು ನಿಂತಿತು. ಆದರೆ ಮೇಡಂ ಮಾತನ್ನು ಮಾತ್ರ ನಾನು ಒಂಚೂರೂ ನಂಬಲಿಲ್ಲ. ಪೊರಾಮೆ ನೀವೇ ಇಟ್ಟುಕೊಳ್ಳಿ, ಟೇಬಲ್ ನನಗೆ ಕೊಡಿ ಅಂತ ಮನಸ್ಸಿನಲ್ಲೇ ಬೈದುಕೊಂಡೇ ಆವತ್ತು ಮೆಟ್ಟಿಲಿಳಿದಿದ್ದೆ.

ಅಪ್ಪ ರಿಟೈರಾಗಿ, ಹೋದ ವರ್ಷ ಅವ್ವನ ಜೊತೆ ಗದಗಕ್ಕೆ ಹೋದರು. ನಾನೊಬ್ಬಳೇ ಇಲ್ಲೇ ನುಂಗಂಬಾಕ್ಕಂನಲ್ಲಿ ಮಹಡಿ ಮೇಲೆ ಬಾಡಿಗೆ ಮನೆ ಹಿಡಿದಿದ್ದೇನೆ. ಕಿಟಕಿ ಇದೆ, ಒಳ್ಳೆಯ ಬೆಳಕಿದೆ, ಟೇಬಲ್ಲೂ ಇದೆ.

ಸೋಮವಾರ ಜೋಡಿಸಿಟ್ಟ ಬದನೆಕಾಯಿಗಳು ಇಟ್ಟಲ್ಲೇ ಇವೆ. ತೊಟ್ಟು ಒಣಗಿದೆ, ಸಿಪ್ಪೆ ಸುಕ್ಕಾಗಿದೆ. ಫೋಟೋ ಚೆನ್ನಾಗಿಯೇ ಬರುತ್ತಿದೆ. ಹಳೆಯ ಕಾಂಟ್ಯಾಕ್ಟ್ ಶೀಟ್ ತೆಗೆದು ಪಕ್ಕದಲ್ಲಿಟ್ಟುಕೊಂಡೆ ನೋಡಿ... ಆವತ್ತಿನ ನನ್ನ ಮೇಲೆ ಇವತ್ತು ಹೊಟ್ಟೆ ಉರಿಯುತ್ತಿದೆ.

ಈ ಕಡೆ ಬಂದಾಗ ಯಾರಾದರೂ ಮೇಲೆ ಬಂದು, ನಾನು ಕ್ಲಿಕ್ ಮಾಡುವುದರೊಳಗೆ ಒಂದೆರಡು ಬದನೆಕಾಯಿ ಎತ್ತಿಕೊಂಡು ಹೋಗ್ತೀರಾ?