ನನ್ನ ಹಾಡಿಗೆ ಮುಂಚೆ ಬಿದ್ದ ಸರ್ವರ್

ಫ್ರೆಂಡ್ಸ್, ತಲೆ ಕೆಟ್ಟುಹೋಗಿದೆ! ಇವತ್ತು ನನ್ನ ಗಂಡನ (ಹೀಗೆ ಬರೆಯುವಾಗ ಇನ್ನೂ ಪುಳಕ!) ರಾಕ್ ಬ್ಯಾಂಡಿನ ಮೊದಲ ಶೋ, ರೆಡ್‌ವುಡ್ ಸಿಟಿಯ ಒಂದು ಕೆಫೆಯಲ್ಲಿ. ಈ ಊರಿನ ಅರ್ಧ ಜನರಂತೆ ಬ್ಯಾಂಡಿನವರೆಲ್ಲ ಸಾಫ್ಟ್‌ವೇರ್ ಇಂಜಿನಿಯರುಗಳು, ಸಂಗೀತ ವಾರಾಂತ್ಯದ ಹುಚ್ಚು. ಮೂರನೆಯ ಹಾಡು ನನಗೆಂದೇ ಬರೆದದ್ದು. ಮನೆಯಲ್ಲಿ ಒಂದು ಸಾಲೂ ಕೇಳಿಸಿರಲಿಲ್ಲ. ಮದುವೆಯ ಜುಮಕಿ ಹಾಕಿಕೊಂಡು ಮುಂದೆಯೇ ಕುಳಿತಿದ್ದೆ.

ಎರಡನೆಯ ಹಾಡಿನ ನಡುವೆ ಡ್ರಮ್ಮರ್ ಕಾರ್ತಿಕನ ಫೋನು ಅರಚಿತು. ಅವನು ಬಾರಿಸುವುದನ್ನು ಬಿಟ್ಟು ಡ್ರಮ್ಮಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದ.

“ಲೋ, ಶೋ ನಡೀತಿದೆ ಕಣೋ!” ಎಂದ ನನ್ನವನು.

“ಸಾರಿ ಮಗಾ, ಈ ವಾರ ಆನ್‌ಕಾಲ್ ಡ್ಯೂಟಿ ನಂದೇ, ಏನೇ ಕೆಟ್ರೂ ತಕ್ಷಣ ನಾನೇ ನೋಡ್ಬೇಕು. ಆಫೀಸಿನ ಸರ್ವರ್ ಬಿದ್ದೋಗಿದೆ.”

ಜನ ಗೊಣಗುತ್ತಾರೆ ಅಂದುಕೊಂಡೆ. ಇಲ್ಲ! ಅಲ್ಲಿಯವರೆಗೆ ಫೋನು ನೋಡುತ್ತಿದ್ದವರೆಲ್ಲ ವೇದಿಕೆಗೇ ನುಗ್ಗಿ, “ಎರರ್ ಲಾಗ್ಸ್ ತೋರಿಸಿ,” “ಹಳೇ ವರ್ಷನ್ ಹಾಕಿ” ಎನ್ನತೊಡಗಿದರು. ನನ್ನ ಗಂಡನೂ ಗಿಟಾರು ಬೆನ್ನಿಗೆ ಸರಿಸಿ ಪರದೆಯತ್ತ ಬಗ್ಗಿದ.

“ಏಯ್, ನನ್ನ ಹಾಡು?”

“ಎರಡೇ ನಿಮಿಷ, ಚಿನ್ನ!”

ಸರ್ವರ್ ಎದ್ದಾಗ ಇಡೀ ಕೆಫೆ ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಮುಂದಿನ ಬ್ಯಾಂಡಿನ ಸರದಿ ಬಂದಿತ್ತು. ಕಾರಿನಲ್ಲಿ ಇವನದು ಒಂದೇ ಸಂಭ್ರಮ: “ನೋಡಿದ್ಯಾ, ಜನ ಎಷ್ಟು ಇನ್‌ವಾಲ್ವ್ ಆದ್ರು!”

ಮುಂದಿನ ಶೋಗೆ ಜುಮಕಿ ಬೇಡ, ಲ್ಯಾಪ್‌ಟಾಪ್ ಒಯ್ಯುತ್ತೇನೆ. ಹಾಡು ಕೇಳದಿದ್ದರೂ ಗಂಡನ ಪಕ್ಕವಾದರೂ ನಿಲ್ಲಬಹುದು.