ಪವಾಯಿಯ ಮಣ್ಣುಂಡೆಗಳು

ತಗಡಿನ ಡಬ್ಬಿಗೆ ಯೂರಿಯಾ ಸುರಿಯುವಾಗ ಸರ್ರೆಂದು ಒಂದು ಸದ್ದು ಬರುತ್ತಿತ್ತು. ಸಕ್ಕರೆಯದ್ದಲ್ಲ, ಅಕ್ಕಿಯದ್ದೂ ಅಲ್ಲ, ಎರಡರ ನಡುವಿನದು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂಬಯಿಯ ಫೋರ್ಟಿನ ಒಂದು ಗೊಬ್ಬರದ ಕಂಪೆನಿಯಲ್ಲಿ ನಾನು ಸ್ಟೆನೊ. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ ಆಂಟಾಪ್ ಹಿಲ್ಲಿನ ಅಣ್ಣನ ಮನೆಗೆ ಬಂದವಳಿಗೆ ಗೊಬ್ಬರವೆಂದರೆ ಟೈಪ್ ಮಾಡುವ ಒಂದು ವರ್ಡ್ ಅಷ್ಟೆ. ಅವರು ಬರುವ ತನಕ.

ಅವರು ಧಾರವಾಡದ ಕಡೆಯ ಅಗ್ರಿಕಲ್ಚರ್ ಗ್ರ್ಯಾಜುಯೇಟ್. ಒಂದು ವರ್ಷದ ಟೆಂಪರರಿ ಪೋಸ್ಟ್. ಪವಾಯಿ ಕೆರೆಯ ಆಚೆ ಎಲ್ಲರೂ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಮರಾಠಿ ಹೆಂಗಸೊಬ್ಬಳ ಭತ್ತದ ಗದ್ದೆಯಲ್ಲಿ ಎರಡು ತುಂಡು ಹಿಡಿದು ಟ್ರಯಲ್ ನಡೆಸುತ್ತಿದ್ದರು. ಒಂದು ತುಂಡಿಗೆ ಎಲ್ಲರೂ ಮಾಡುವಂತೆ ಯೂರಿಯಾ ಎರಚುವುದು. ಇನ್ನೊಂದಕ್ಕೆ ಅದರ ಅರ್ಧವನ್ನು ಮಾತ್ರ, ಬೇವಿನ ಹಿಂಡಿಯ ಜೊತೆ ಜೇಡಿಮಣ್ಣಿನ ಉಂಡೆಯೊಳಗಿಟ್ಟು, ನೆರಳಲ್ಲಿ ಒಣಗಿಸಿ, ನಾಲ್ಕು ಬುಡಗಳ ನಡುವಿನ ಕೆಸರಿನಲ್ಲಿ ಹೂತುಬಿಡುವುದು. ಎರಡರಲ್ಲೂ ಫಸಲು ಸಮ ಬಂದರೆ ಅವರ ಕೆಲಸ ಪರ್ಮನೆಂಟ್. ಇಲ್ಲದಿದ್ದರೆ ಊರಿಗೆ ವಾಪಸ್. ನಾನು ಆ ವರ್ಷ ದೇವರಲ್ಲಿ ಬೇಡಿದ್ದು ಭತ್ತವನ್ನು ಮಾತ್ರ.

ಶನಿವಾರ ಹಾಫ್ ಡೇ. ನೋಟ್ಸ್ ತೆಗೆದುಕೊಳ್ಳುವ ನೆವದಲ್ಲಿ ನಾನೂ ಹೋಗುತ್ತಿದ್ದೆ. ಗದ್ದೆಯ ಪಕ್ಕದ ಶೆಡ್ಡಿನಲ್ಲಿ ಕುಳಿತು ಉಂಡೆ ಕಟ್ಟುತ್ತಿದ್ದೆವು.

"ಏನ್ರೀ ಮಿಸ್, ಇದು ಉಂಡೀನೋ ನಿಮ್ಮ ಕಾನ್ವೆಂಟಿನ ಕೇಕೋ? ಮಗ್ಗಲಾ ಸೀಳೇದ ನೋಡ್ರಿ."

"ನಾನು ಎಳ್ಳುಂಡೆ ಕಟ್ಟಿ ಗೊತ್ತುಂಟು ಸರ್. ನಿಮ್ಮ ಮಣ್ಣೇ ಸರಿ ಇಲ್ಲ."

"ಮಣ್ಣಿಗೆ ಬೈಬ್ಯಾಡ್ರಿ. ಪಾಪ, ಅದಕ್ಕ ಕನ್ನಡ ತಿಳಿಯೂದಿಲ್ಲ."

ಮೌಶಿ ಬಾಗಿಲಲ್ಲಿ ನಿಂತು "ಸಾಹೇಬಾಂಚೆ ಲಾಡೂ!" ಎಂದು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು.

ಇಷ್ಟೆಲ್ಲ ಯಾಕೆ, ಎರಚಿದರೇ ಆಗುವುದಿಲ್ಲವಾ ಎಂದು ಒಮ್ಮೆ ಕೇಳಿದೆ. "ಮ್ಯಾಲೆ ಚೆಲ್ಲಿದ್ರ ಒಂದಷ್ಟು ಗಾಳಿಗೆ ಹೋಗ್ತದ, ಒಂದಷ್ಟು ನೀರಿನ ಕೂಡ ಹರದ ಹೋಗ್ತದ. ಬೇರಿನ ಹತ್ರ ಇಟ್ರ ಬೆಳಿ ತನಗ ಬೇಕಾದಾಗ ಬೇಕಾದಷ್ಟ ತಿಂತದ. ತಡಾ ಆಗ್ತದರೀ. ತಡೀಬೇಕು." ಆ ಕಡೆಯ ಮಾತನ್ನು ನನಗೇ ಹೇಳಿದರೆಂದು ಎಷ್ಟೋ ದಿನ ಅಂದುಕೊಂಡಿದ್ದೆ. ಸಿಲ್ಲಿ ಗರ್ಲ್.

ಮಳೆಗಾಲದ ನಡುವೆ ಅವರ ತಾಯಿ ಸೀರಿಯಸ್ ಎಂದು ಊರಿಂದ ಟೆಲಿಗ್ರಾಂ ಬಂತು. "ಪೈರಿನ ಎತ್ತರ ಅಳದು ಬರದಿಡ್ರಿ, ಮತ್ತೇನೂ ಮಾಡಬ್ಯಾಡ್ರಿ" ಎಂದು ಹೇಳಿ ಹೋದರು. ಆ ಶನಿವಾರ ಕುರ್ಲಾದಿಂದ ಬಸ್ ಹಿಡಿದು ಒಬ್ಬಳೇ ಹೋದೆ. ಎರಚಿದ ತುಂಡು ಕಪ್ಪಿಡುವಷ್ಟು ಹಸಿರು. ಉಂಡೆಯ ತುಂಡು ಜ್ವರದಿಂದೆದ್ದ ಮಗುವಿನಂತೆ ಬಿಳಿಚಿತ್ತು. ಮುಂದಿನ ಶುಕ್ರವಾರ ದೊಡ್ಡ ಸಾಹೇಬರ ಇನ್‌ಸ್ಪೆಕ್ಷನ್. ಮೌಶಿ ಊಟಕ್ಕೆ ಹೋಗಿದ್ದಳು. ಡಬ್ಬಿ ತೆರೆದೆ. ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು, ಕೈಗೆ ಬಂದಷ್ಟು ಯೂರಿಯಾ ಎರಚಿದೆ.

ಶುಕ್ರವಾರ ಸಾಹೇಬರು ಎರಡೂ ತುಂಡು ನೋಡಿ "ಸ್ಪ್ಲೆಂಡಿಡ್!" ಎಂದರು. ಮರುವಾರ ಅವರು ಊರಿಂದ ಬಂದರು. ತಾಯಿ ಚೇತರಿಸಿಕೊಂಡಿದ್ದರು. ಗದ್ದೆ ನೋಡಿ ಮಾತ್ರ ಅವರ ಮುಖ ಅರಳಲಿಲ್ಲ. "ಇಷ್ಟ ಲಗೂ ಹೆಂಗ ಹಸರಾತು?" ಎಂದು ಎಲೆಗಳನ್ನು ಮುಟ್ಟಿ ಮುಟ್ಟಿ ನೋಡಿದರು. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡದಿದ್ದರೆ ಅವರು ಮುಂಬಯಿಯಲ್ಲೇ ಇರುತ್ತಿದ್ದರು.

ಕೊಯ್ಲಿನಲ್ಲಿ ಎರಡರ ತೂಕವೂ ಸಮ ಬಂತು. ರಿಪೋರ್ಟ್ ಡಿಕ್ಟೇಟ್ ಮಾಡಲು ಅವರು ನನ್ನ ಟೇಬಲ್ಲಿಗೆ ಬಂದರು. ರೈತರು ಇನ್ನು ಯೂರಿಯಾ ಅರ್ಧಕ್ಕಿಳಿಸಬಹುದು ಎಂಬ ಸೆಂಟೆನ್ಸ್ ಬಂದಾಗ ನನ್ನ ಪೆನ್ಸಿಲ್ ನಿಂತುಬಿಟ್ಟಿತು. ಮೌಶಿಯಂಥವಳೊಬ್ಬಳು ಆ ಕಾಗದವನ್ನು ನಂಬಿ ಅರ್ಧವೇ ಹಾಕಿದರೆ? ಪೈರು ಕೈಕೊಟ್ಟರೆ?

"ಸರ್, ಅದು ಬೇಡ. ನಾನು ಎರಚಿದ್ದೆ, ನೀವು ಊರಲ್ಲಿದ್ದಾಗ."

"ಏನ ಎರಚಿದ್ರಿ?"

"ಯೂರಿಯಾ. ಉಂಡೆಯ ಗದ್ದೆಗೆ. ತುಂಬ ಬಿಳಿಚಿ ಹೋಗಿತ್ತು ಸರ್. ನೋಡ್ಲಿಕ್ಕೆ ಆಗ್ಲಿಲ್ಲ."

ಬೈಯುತ್ತಾರೆಂದು ಕಾದೆ. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು. "ಇನ್ನೊಂದ ಹತ್ತ ದಿನ ಬಿಟ್ಟಿದ್ರ ಅದ ತಾನ ಹಸರಾಗ್ತಿತ್ತಲ್ಲರೀ ಮಿಸ್."

ಆಮೇಲೆ ಟೈಪ್‌ರೈಟರಿಗೆ ಕಾಗದ ಹಾಕಿಸಿ ನೇರ ಹೇಳಿದರು. ಉಂಡೆಯ ಗದ್ದೆಗೆ ಮೇಲಿನಿಂದಲೂ ಯೂರಿಯಾ ಬಿದ್ದಿದೆ, ಆದ್ದರಿಂದ ಟ್ರಯಲ್ ರದ್ದು, ತಪ್ಪು ಇನ್‌ಚಾರ್ಜ್ ಆಫೀಸರನದು.

"ನಿಮ್ಮ ತಪ್ಪು ಎಂತದ್ದು ಸರ್ ಇದರಲ್ಲಿ?"

"ಗದ್ದಿ ನನ್ನ ಸುಪರ್ದಿನ್ಯಾಗ ಇತ್ತು. ಟೈಪ್ ಹೊಡೀರಿ."

ಹೊಡೆದೆ. ಕಾರ್ಬನ್ ಕಾಪಿ ಸಹಿತ.

ಈಗ ಬೇವು ಲೇಪಿಸಿದ ಯೂರಿಯಾ ಚೀಲಗಟ್ಟಲೆ ಸಿಗುತ್ತದಂತೆ, ಪೇಪರಿನಲ್ಲಿ ಓದುತ್ತೇನೆ. ಅವರು ತಮ್ಮ ಕಡೆ ಯಾವುದಾದರೂ ಗದ್ದೆಯಲ್ಲಿ ಮತ್ತೆ ಉಂಡೆ ಕಟ್ಟಿದರೋ, ಆ ಹತ್ತು ದಿನ ಕಾಯುವವರು ಯಾರಾದರೂ ಸಿಕ್ಕರೋ, ನನಗೆ ತಿಳಿಯಲಿಲ್ಲ. ಪತ್ರ ಬರೆಯಲು ಅವರ ಊರಿನ ಅಡ್ರೆಸ್ ಫೈಲಿನಲ್ಲಿತ್ತು. ಬರೆಯಲಿಲ್ಲ.

ಕೊನೆಯ ಸಲ ನೋಡಿದ್ದು ಆ ತಿಂಗಳ ಕಡೆಯ ದಿನ, ಮೂರನೆಯ ಮಹಡಿಯ ಕಿಟಕಿಯಿಂದ. ಕೈಯಲ್ಲಿ ಟ್ರಂಕು, ಬಗಲಲ್ಲಿ ಹಾಸಿಗೆಯ ಸುರುಳಿ. ಡಬಲ್ ಡೆಕರ್ ಒಂದು ಹಾದುಹೋಗುವ ತನಕ ನಿಂತು, ರಸ್ತೆ ದಾಟಿದರು. ಆ ಕಡೆಯ ಫುಟ್‌ಪಾತಿನಲ್ಲಿ ಟ್ರಂಕು ಇಳಿಸಿ ಚಪ್ಪಲಿಯ ಬಾರು ಸರಿಮಾಡಿಕೊಂಡರು. ಕೂಗಿದ್ದರೆ ಕೇಳುತ್ತಿತ್ತು. ಕಿಟಕಿಯಿಂದ ಕೂಗಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರಲ್ಲ, ನಾನು ಗಾಜಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಬಾರು ಬಿಗಿದು, ಟ್ರಂಕು ಎತ್ತಿಕೊಂಡು, ಅವರು ವಿ.ಟಿ. ಸ್ಟೇಷನ್ನಿನ ಕಡೆ ನಡೆದುಬಿಟ್ಟರು.