ಕಾಂಪೌಂಡಿನಾಚೆಯ ಮಗು

ಗಾರೆ ಮೇಸ್ತ್ರಿಯ ಹೆಂಡತಿಗೆ ಚರ್ಚಿನವರು ಇಟ್ಟ ಹೆಸರು ಗಂಟೆಯಮ್ಮ. ಅವಳೇನೂ ಗಂಟೆ ಬಾರಿಸುತ್ತಿರಲಿಲ್ಲ. ಬಾರಿಸುವವನಿಗಿಂತ ಮೊದಲೇ ಬಂದು ಬಾಗಿಲ ಬಳಿ ನಿಂತಿರುತ್ತಿದ್ದಳು. “ನಿಮ್ಮಾಕೆಯ ದಯೆಯಿಂದ ನನಗೆ ಒಂದು ದಿನವೂ ನೆಟ್ಟಗೆ ನಿದ್ದೆ ಇಲ್ಲ” ಎಂದು ಅವನು ಮೇಸ್ತ್ರಿಯನ್ನು ಕಿಚಾಯಿಸುವುದಿತ್ತು. ಅಂಥವಳು ಈಗ ಚರ್ಚಿನ ಹೊಸ್ತಿಲು ತುಳಿಯುವುದಿಲ್ಲ. ಕೇಳಿದವರಿಗೆ ಮೇಸ್ತ್ರಿ “ಮಂಡಿ ನೋವು” ಎನ್ನುತ್ತಾನೆ. ಮಂಡಿಗೆ ಏನಾಗಿದೆ ಮಣ್ಣು! ದಿನವೂ ಮೂರು ಮಹಡಿ ಹತ್ತಿ ಬಟ್ಟೆ ಒಣಹಾಕಿ ಬರುತ್ತಾಳೆ.

ಅವರಿಗೆ ಹುಟ್ಟಿದ್ದು ಒಂದೇ ಮಗು, ಗಂಡು. ಒಂದು ಗಳಿಗೆ ಅತ್ತು ಸುಮ್ಮನಾಯಿತು. ಆಗ ಎಲ್ಲರೂ ಡಾಕ್ಟರಿಗಾಗಿ ಓಡಿದರೇ ಹೊರತು, ತಲೆಗೆ ನೀರು ಹೊಯ್ದು ದೇವರ ಮಗುವಾಗಿಸುವ ಜ್ಞಾನಸ್ನಾನಕ್ಕೆ ಒಂದು ಲೋಟ ನೀರಿಗಾಗಿ ಯಾರೂ ಓಡಲಿಲ್ಲ. ಆಗಿನ ಮುದುಕ ಫಾದರ್ ಆಸ್ಪತ್ರೆಗೆ ಬಂದು ಮಂಚದ ಪಕ್ಕ ಕೂತರು.

“ಜ್ಞಾನಸ್ನಾನ ಆಗದ ಮಗು ಸ್ವರ್ಗಕ್ಕೆ ಹೋಗಲ್ಲ ಮಗಳೇ. ನರಕಕ್ಕೂ ಹೋಗಲ್ಲ. ಲಿಂಬೋ ಅಂತ ಒಂದು ಜಾಗ ಇದೆ, ಅಲ್ಲಿರುತ್ತೆ. ನೋವಿಲ್ಲ. ಆದರೆ ದೇವರ ಮುಖ ಕಾಣಲ್ಲ.”

“ಅಲ್ಲಿ ಅತ್ತರೆ ಎತ್ಕೊಳ್ಳೋರು ಯಾರು ಫಾದರ್?”

“ಅಂಥದ್ದೆಲ್ಲ ಕೇಳಬಾರದು” ಎಂದರು ಫಾದರ್. ಅವರೂ ಕಟುಕರಲ್ಲ, ಕಣ್ಣೊರೆಸಿಕೊಂಡೇ ಹೇಳಿದರು.

ಮಂತ್ರಿಸಿದ ಮಣ್ಣಿನಲ್ಲಿ ಆ ಮಗುವಿಗೆ ಜಾಗವಿರಲಿಲ್ಲ. ಮೇಸ್ತ್ರಿ ಒಬ್ಬನೇ ಎತ್ತಿಕೊಂಡು ಹೋಗಿ, ಚರ್ಚಿನ ಪಕ್ಕದ ಸಮಾಧಿಗಳ ಕಾಂಪೌಂಡಿನ ಹೊರಗೆ ಗುಂಡಿ ತೋಡಿ ಮಲಗಿಸಿ ಬಂದ. ಕಾಂಪೌಂಡಿಗೆ ನಾಲ್ಕು ದಿಕ್ಕು. ಯಾವ ದಿಕ್ಕೆಂದು ಹೆಂಡತಿ ಕೇಳಲಿಲ್ಲ. ಕೇಳಬಾರದು ಎಂದಿದ್ದರಲ್ಲ.

ಆದರೆ ಒಂದು ಲೆಕ್ಕ ಅವಳನ್ನು ಬಿಡಲಿಲ್ಲ. “ಒಳ್ಳೆಯವಳಾದರೆ ಸ್ವರ್ಗ, ಕೆಟ್ಟವಳಾದರೆ ನರಕ. ಎರಡು ಕಡೆಯೂ ಮಗ ಇಲ್ಲವಲ್ರೀ, ನಾನು ಏನಾಗಬೇಕು?” ಎನ್ನುತ್ತಿದ್ದಳು. ಮೇಸ್ತ್ರಿ ಬುತ್ತಿ ಎತ್ತಿಕೊಂಡು ಊರವರ ಗೋಡೆ ಕಟ್ಟಲು ಹೊರಡುತ್ತಿದ್ದ. ಅವಳು ದಿನಾ ಗಂಟೆಗೆ ಮುಂಚೆ ಹೋಗಿ ಬೇಡುತ್ತಿದ್ದುದು ಒಂದೇ: ಆ ಲಿಂಬೋಗೆ ಒಂದು ಬಾಗಿಲಿಡು ದೇವರೇ.

ವರ್ಷಗಳು ಉರುಳಿದವು. ಪೂಜೆಗೆ ಕಾರಿನಲ್ಲಿ ಬರುವವರು ಹೆಚ್ಚಾದರು. ಕಾಂಪೌಂಡಿನ ಹೊರಗಿನ ಖಾಲಿ ಜಾಗಕ್ಕೆ ಕಲ್ಲು ಹಾಸಿ ಪಾರ್ಕಿಂಗ್ ಮಾಡುವುದೆಂದು ಚರ್ಚಿನ ಸಮಿತಿ ತೀರ್ಮಾನಿಸಿತು. ಕೆಲಸ ಮೇಸ್ತ್ರಿಗೇ ಬಂತು. ಅವನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮಗು ಇಲ್ಲೆಲ್ಲಿದೆ, ಲಿಂಬೋದಲ್ಲಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮಟ್ಟ ನೋಡಿ ಕಲ್ಲು ಜೋಡಿಸಿದ. ಮನೆಯಲ್ಲಿ ಉಸಿರೆತ್ತಲಿಲ್ಲ. ಚರ್ಚಿನ ಕೆಲಸ ಎಂದು ಹೆಂಡತಿ ಬುತ್ತಿಗೆ ಒಂದು ಹಿಡಿ ಹೆಚ್ಚೇ ಹಾಕಿ ಕಳಿಸಿದಳು.

ಆಮೇಲೆ ಬಂದವರು ಚಿಕ್ಕ ವಯಸ್ಸಿನ ಫಾದರ್. ಒಂದು ಭಾನುವಾರ ಅವರು ಪೂಜೆಯ ಪ್ರವಚನದ ನಡುವೆ ಹೇಳಿದರು: “ಲಿಂಬೋ ಅನ್ನೋದು ಯಾವತ್ತೂ ಖಚಿತವಾದ ಬೋಧನೆ ಆಗಿರಲಿಲ್ಲ. ಅದು ಪಂಡಿತರ ಅಭಿಪ್ರಾಯ. ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸಿ ಭರವಸೆಯಿಂದ ಇರಬಹುದು.” ಮೇಸ್ತ್ರಿಗೆ ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಹೆಂಡತಿ ಈಗ ಖುಷಿಯಿಂದ ಅಳುತ್ತಾಳೆಂದು ಹೆಂಗಸರ ಸಾಲಿನತ್ತ ತಿರುಗಿದ. ಅವಳು ಎದ್ದು ಹೊರಗೆ ಹೋಗುತ್ತಿದ್ದಳು.

“ಅಭಿಪ್ರಾಯವಂತೆ!” ಎಂದಳು ಮನೆಯಲ್ಲಿ. “ಯಾರದೋ ಅಭಿಪ್ರಾಯಕ್ಕೆ ನನ್ನ ಮಗೂನ ಹೊರಗಿಟ್ಟರು. ಆಗ ಅದನ್ನ ಅಭಿಪ್ರಾಯ ಅಂತ ಯಾರಾದರೂ ಹೇಳಿದ್ರಾ?”

“ಈಗಲಾದರೂ ಹೇಳಿದರಲ್ಲೇ. ಒಳ್ಳೇದೇ ಆಯ್ತಲ್ಲ?”

“ನಿಮಗೆ ಆಯ್ತು.”

ಮೇಸ್ತ್ರಿ ಫಾದರ್ ಅವರನ್ನೇ ಮನೆಗೆ ಕರೆತಂದ. ಅವಳು ಚಹಾ ಕೊಟ್ಟು, ಗೌರವದಿಂದಲೇ ಕೇಳಿದಳು: “ಈಗ ನೀವು ಹೇಳ್ತಿರೋದು ಬೋಧನೆನಾ ಫಾದರ್, ಇದೂ ಅಭಿಪ್ರಾಯನಾ?” ಫಾದರ್ ಬಹಳ ಹೊತ್ತು ಮಾತಾಡಿದರು. ಒಳ್ಳೆಯ ಮನುಷ್ಯ, ಆದರೂ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಅವರು ಹೋದ ಮೇಲೆ ಅವಳು ಜಪಸರ ತೆಗೆದು ಗಂಡನ ಕೈಗೆ ಕೊಟ್ಟಳು. “ಇನ್ನು ನೀವೇ ಹೇಳ್ಕೊಳ್ಳಿ.” ಅವಳಿಲ್ಲದ ಚರ್ಚಿನಲ್ಲಿ ಮೇಸ್ತ್ರಿಗೆ ಪ್ರಾರ್ಥನೆ ಬಾಯಿಗೆ ಬರುತ್ತಿತ್ತು, ಎದೆಗೆ ಇಳಿಯುತ್ತಿರಲಿಲ್ಲ. ಹೇಗಾದರೂ ಅವಳನ್ನು ಮರಳಿ ಕರೆದೊಯ್ಯಬೇಕು ಎಂಬುದೊಂದೇ ಅವನ ಚಿಂತೆ.

ಹೋದ ಭಾನುವಾರ ಅವಳೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಮೇಸ್ತ್ರಿಯ ಜೀವ ಹಿಗ್ಗಿತು.

“ಪೂಜೆಗಲ್ಲ. ಮಗೂನ ಎಲ್ಲಿಟ್ಟಿರಿ, ಆ ಜಾಗ ತೋರಿಸಿ.”

ಅವನು ಮುಂದೆ, ಅವಳು ಹಿಂದೆ ಚರ್ಚಿನತ್ತ ನಡೆದರು. ಒಳಗೆ ಮೊದಲ ಪೂಜೆಯ ಹಾಡು ನಡೆದಿತ್ತು. ಕಾಂಪೌಂಡಿನ ಹೊರಗೆ ಕಾರುಗಳು ಸಾಲಾಗಿ ನಿಂತಿದ್ದವು. ಬೂದು ಬಣ್ಣದ ಒಂದು ಕಾರಿನ ಪಕ್ಕ ಅವನು ನಿಂತ.

“ಇದರ ಕೆಳಗೆ.”

“ಈ ಕಲ್ಲು ಹಾಸಿದ್ದು ನೀವಲ್ವಾ?”

“ನಾನೇ ಕಣೇ.”

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಚಕ್ರದ ಪಕ್ಕ ನೆಲದ ಮೇಲೆ ಕೂತು, “ಕಾರು ಹೋಗಲಿ. ಒಂದ್ಸಲ ಮುಟ್ಟಿ ಬರ್ತೀನಿ” ಎಂದಳು.

ಪೂಜೆ ಮುಗಿಯಿತು. ಕಾರಿನವರು ಬಂದು, “ಸ್ವಲ್ಪ ಸರೀತೀರಾ ಅಮ್ಮಾ?” ಎಂದು ವಿನಯದಿಂದಲೇ ಕೇಳಿ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋದರು. ಜಾಗ ಬರಿದಾಯಿತು. ಅವಳು ಬಗ್ಗಿ ಕೈ ಚಾಚುವಷ್ಟರಲ್ಲಿ ಬೆನ್ನ ಹಿಂದೆ ಹಾರ್ನ್ ಆಯಿತು. ಎರಡನೇ ಪೂಜೆಗೆ ಬಂದ ಕಾರು. “ಅಣ್ಣಾ, ಒಳಗೆ ಶುರುವಾಗುತ್ತೆ. ಸ್ವಲ್ಪ ಜಾಗ ಬಿಡಿ.”

ಅಡ್ಡ ನಿಲ್ಲಬೇಕಿತ್ತು. ಮೇಸ್ತ್ರಿಗೂ ಅದು ಗೊತ್ತಿತ್ತು. ಆದರೆ ಅವನು ಹೆಂಡತಿಯ ರಟ್ಟೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ಎಳೆದುಕೊಂಡ. ಇನ್ನೊಂದು ಕೈ ತಾನಾಗಿಯೇ ಮೇಲೆದ್ದು, ಬನ್ನಿ, ಬನ್ನಿ ಎಂದು ಕಾರಿಗೆ ದಾರಿ ತೋರಿಸಿತು.